ಸೂಪರ್‌ಹೀರೋನನ್ನು ಕಡೂರಿನಲ್ಲಿ ರಿಪೇರಿ ಮಾಡಿದ್ದು

ಮೊದಲೇ ಹೇಳಿಬಿಡುತ್ತೇನೆ: ಆ ದರಿದ್ರ ಸಿನಿಮಾದಲ್ಲಿ ಬಾಯಿ ತೆರೆಯುವವರೆಲ್ಲರ ಗಂಟಲೂ ನನ್ನದೇ. ನಾಯಕ ನಾನು, ನಾಯಕಿ ನಾನು, ಲೋಕವನ್ನು ಬೂದಿ ಮಾಡಲು ಬಂದ ಖಳ ನಾನು, ಸೇತುವೆಯ ಮೇಲೆ ಚೀರುವ ಕೂಸೂ ನಾನೇ. ಯಾರೂ ಬಲವಂತ ಮಾಡಲಿಲ್ಲ. ‘ಟೈಟಲ್‌ನಲ್ಲಿ ನಿನ್ ಹೆಸ್ರು ದೊಡ್ಡದಾಗಿ ಹಾಕ್ತೀನಿ ಕಣೋ’ ಅಂದ. ಬಾಲ ಅಲ್ಲಾಡಿಸಿಕೊಂಡು ಹೋದೆ.

ಅಂದವನು ನನ್ನ ಗೆಳೆಯ, ಕಡೂರಿನಲ್ಲಿ ಮದುವೆ ವಿಡಿಯೋ ಮಾಡುವವನು. ಸ್ಟುಡಿಯೋ ಅವನ ಅಕ್ಕನದು. ಮದುವೆ ಆರ್ಡರ್ ಒಪ್ಪಿಕೊಳ್ಳುವವಳು ಅವಳು, ಕ್ಯಾಮೆರಾ ಹೊರುವವನು ಇವನು. ಸಖರಾಯಪಟ್ಟಣದಿಂದ ಸಿಂಗಟಗೆರೆಯವರೆಗೆ ಇವನ ಕ್ಯಾಮೆರಾದ ಮುಂದೆ ಅಕ್ಷತೆ ಎಸೆಯದ ಕೈ ಕಡಿಮೆ. ಆದರೆ ಇವನಿಗೆ ಮದುವೆ ಅಂದರೆ ವಾಕರಿಕೆ. ಇವನು ಸಿನಿಮಾ ಎಡಿಟರ್ ಆಗಬೇಕು. ಆಗಿಯೇಬಿಟ್ಟವನ ಹಾಗೆ ಚಹಾದಂಗಡಿಯಲ್ಲಿ ಕೂತು, ಯಾವ ಸಿನಿಮಾದ ಮಾತು ಬಂದರೂ ಕಣ್ಣು ಅರ್ಧ ಮುಚ್ಚಿ, ‘ಸೆಕೆಂಡ್ ಹಾಫ್ ಲ್ಯಾಗು’ ಎನ್ನುತ್ತಿದ್ದ. ಕೆಲವಕ್ಕೆ ಟ್ರೇಲರ್ ಕೂಡ ನೋಡಿರುತ್ತಿರಲಿಲ್ಲ.

ಆಗ ಬಂದಿತ್ತು ಆ ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾ. ಮೈಗೆ ರಬ್ಬರ್ ಅಂಟಿಸಿಕೊಂಡ ಗಂಡಸೊಬ್ಬ ಊರು ಉಳಿಸುತ್ತೇನೆಂದು ಹೊರಟು ಅರ್ಧ ಊರು ಕೆಡವಿ, ಉಳಿದರ್ಧ ಊರಿನಿಂದ ಚಪ್ಪಾಳೆ ಗಿಟ್ಟಿಸುವ ಕಥೆ. ನನ್ನ ಪ್ರಕಾರ ಅದಕ್ಕಿದ್ದದ್ದು ಒಂದೇ ರಿಪೇರಿ, ಶುರುವಾಗುವ ಮುಂಚೆ ಕರೆಂಟ್ ತೆಗೆಯುವುದು. ಇವನು ಮಾತ್ರ ಅಭಿಮಾನಿ. ಇವನಿದ್ದ ಫೋನ್ ಗುಂಪಿನಲ್ಲಿ ನಾಯಕನ ಕೈಗವಸಿನ ಬಣ್ಣ ಸರಿಯೋ ತಪ್ಪೋ ಎಂದು ಗಡ್ಡ ಬಂದ ಗಂಡಸರು ವಾರಗಟ್ಟಲೆ ಕಚ್ಚಾಡುತ್ತಿದ್ದರು. ಅಲ್ಲೇ ಕೆಲವರು ಸಿನಿಮಾವನ್ನು ತಾವೇ ಕತ್ತರಿಸಿ, ಜೋಡಿಸಿ, ‘ಇದು ಸರಿಯಾದದ್ದು’ ಎಂದು ಹಾಕುತ್ತಿದ್ದರು. ಅದನ್ನು ನೋಡಿ ಇವನಿಗೂ ಕೈ ಕಡಿಯಿತು.

‘ಅರ್ಧಕ್ಕರ್ಧ ಕತ್ತರಿಸಿ ಬಿಸಾಕ್ತೀನಿ. ಕನ್ನಡದಾಗೆ ಮಾಡ್ತೀನಿ. ಡೈರೆಕ್ಟ್ರು ನೋಡಿದ್ರೆ ಅಳ್ಬೇಕು!’

ಡೈರೆಕ್ಟರು ಅಳುವುದರಲ್ಲಿ ನನಗೂ ಅನುಮಾನವಿರಲಿಲ್ಲ.

ಅಜ್ಜಂಪುರದಲ್ಲಿ ಸಂಸಾರ ಮಾಡಿಕೊಂಡಿದ್ದ ಅಕ್ಕನಿಗೆ ವಿಷಯ ಮುಟ್ಟಿತು. ಅವಳು ಬೈಯಲಿಲ್ಲ, ಷರತ್ತು ಹಾಕಿದಳು. ‘ಮಾಡ್ಕಂಡ್ ಬಾರಪ್ಪಾ, ನಮ್ಮನೇಲೇ ತೋರ್ಸು. ಸಿನಿಮಾ ಅನ್ನಂಗಿದ್ರೆ ಕ್ಯಾಮೆರಾಕ್ಕೆ ಬೇರೆ ಹುಡುಗನ್ನ ಇಡ್ತೀನಿ, ನೀನು ಸಿನಿಮಾದೋರ ಹಿಂದೆ ಹೋಗು. ಇಲ್ದಿದ್ರೆ ಈ ಸೀಜನ್ನೂ ನೀನೇ, ಮುಂದಿನ ಸೀಜನ್ನೂ ನೀನೇ.’ ಅಲ್ಲಿಗೆ ಇವನ ಬಿಡುಗಡೆ ಆ ಒಂದು ಫೈಲಿಗೆ ಗಂಟುಬಿತ್ತು.

ಈಗ ನಮ್ಮ ಕಡೆಯ ಮದುವೆ ವಿಡಿಯೋ ಬಗ್ಗೆ ಒಂದು ಮಾತು. ಅದಕ್ಕೆ ಬೆಳಕು ಬೇಡ, ಸ್ವರ ಬೇಡ, ಇರುವುದು ಒಂದೇ ಧರ್ಮ: ಮುಯ್ಯಿ ಮಾಡಿದವರ ಮುಖ ಬಿಡಬಾರದು. ಸ್ಟೇಜ್ ಹತ್ತಿ ಉಡುಗೊರೆ ಕೊಟ್ಟ ದೊಡ್ಡಪ್ಪನ ಷಡ್ಡಕ ವಿಡಿಯೋದಲ್ಲಿ ಕಾಣದಿದ್ದರೆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಬೈಗುಳ ಮಾತ್ರ ನೇರ ಸ್ಟುಡಿಯೋಕ್ಕೆ ಬರುತ್ತದೆ. ಆ ಭಯ ಇವನ ಬೆರಳಿನ ತುದಿಗೆ ಇಳಿದುಬಿಟ್ಟಿತ್ತು.

ಎಡಿಟಿಂಗಿಗೆ ಕೂತಾಗ ಪಕ್ಕದಲ್ಲಿ ನಾನೂ ಇದ್ದೆ. ಪರದೆಯಲ್ಲಿ ಕಟ್ಟಡ ಉರುಳುತ್ತಿದೆ, ಜನ ದಿಕ್ಕಾಪಾಲಾಗಿ ಓಡುತ್ತಿದ್ದಾರೆ. ಇವನು ಕತ್ತರಿಸಲು ಹೋದವನು ನಿಂತ.

‘ಈ ಯಮ್ಮ ಪೂರ್ತಿ ಬರ್ಲಿ ಕಣೋ.’

‘ಯಾರೋ ಅವ್ಳು?’

‘ಯಾರಿಗ್ಗೊತ್ತು. ಆದ್ರೂ ಬಂದವ್ರೆ.’

ಹೀಗೆ ಬಂದವರೆಲ್ಲ ಉಳಿದರು. ಓಡುವವರು ಸ್ಲೋಮೋಷನ್‌ನಲ್ಲಿ ಓಡಿದರು, ಮುಖ ಸರಿಯಾಗಿ ಕಾಣಲಿ ಎಂದು. ಡೈರೆಕ್ಟರೇ ನಾಚಿ ತೆಗೆದುಹಾಕಿದ್ದ ದೃಶ್ಯಗಳನ್ನು ನೆಟ್ಟಿನಲ್ಲಿ ಹುಡುಕಿ ತಂದು ಸೇರಿಸಿದ, ಅಲ್ಲೂ ಒಂದಷ್ಟು ಜನ ಬಂದಿದ್ದರಲ್ಲ. ನಾಯಕಿ ಕಂಡಕೂಡಲೇ ಸುತ್ತ ಬಂಗಾರದ ಚೌಕಟ್ಟು, ಮೂಲೆಗೊಂದು ಹಂಸ. ಬಾಂಬು ಸಿಡಿದಾಗ ಮೇಲಿನಿಂದ ಗುಲಾಬಿ ಪಕಳೆ. ಅರ್ಧಕ್ಕೆ ಇಳಿಯಬೇಕಿದ್ದ ಸಿನಿಮಾ ಮೂಲಕ್ಕಿಂತ ಅರ್ಧ ಗಂಟೆ ಉದ್ದವಾಯಿತು. ಎಲ್ಲಾ ನೋಡಿಯೂ ನಾನು ಏನಂದೆ? ‘ಬೆಂಕಿ ಮಗಾ!’ ಸಿನಿಮಾ ಉದ್ದವಾದಷ್ಟೂ ನನ್ನ ಧ್ವನಿ ಉದ್ದ. ಅಭಿಮಾನಿಗಿಂತ ಹೀನ ಪ್ರಾಣಿ ಇದ್ದರೆ ಅದು ಅಭಿಮಾನಿಯ ಪಕ್ಕದಲ್ಲಿ ಕೂತವನು.

ಧ್ವನಿ ಮುದ್ರಿಸಿದ್ದು ತರೀಕೆರೆಯಲ್ಲಿ, ಪರಿಚಯದವರ ಹಾಸಿಗೆ ಅಂಗಡಿಯ ಗೋದಾಮಿನಲ್ಲಿ. ಹತ್ತಿ ಸದ್ದು ಕುಡಿಯುತ್ತದಂತೆ. ಹತ್ತಿ ನನ್ನನ್ನೂ ಕುಡಿಯಿತು; ಲೋಕ ಉಳಿಸುವ ಡೈಲಾಗಿನ ನಡುವೆ ಸೀನುತ್ತಿದ್ದೆ. ನಾಯಕನಿಗೆ ನಮ್ಮ ಪಿ.ಟಿ. ಮೇಷ್ಟರ ಧ್ವನಿ ಕೊಟ್ಟೆ, ನಾಯಕಿಗೆ ನಮ್ಮ ಅತ್ತೆಯದು. ಖಳನಿಗೆ ಮಾತ್ರ ಜೋರು, ಜಿಪುಣ, ಎಲ್ಲರನ್ನೂ ಕಳ್ಳರೆಂದು ನೋಡುವ ಧ್ವನಿ ಬೇಕಿತ್ತು. ಅಂಥದ್ದೊಂದು ನನ್ನಲ್ಲಿ ಮೊದಲೇ ಇತ್ತು, ಕೊಬ್ಬರಿ ವ್ಯಾಪಾರದ ಒಬ್ಬ ಹಿರಿಯರಿಂದ ಕದ್ದದ್ದು. ಆ ಹಿರಿಯರು ಅಕ್ಕನ ಮಾವ.

ಇದರ ಅರ್ಥ ನನ್ನ ತಲೆಗೆ ಹೋದದ್ದು ಅಜ್ಜಂಪುರದ ಅವರ ನಡುಮನೆಯಲ್ಲಿ, ಟಿವಿಯೊಳಗೆ ಖಳ ಬಾಯಿ ತೆರೆದಾಗ. ಮಾವನವರು ಎದುರಿಗೇ ಕುರ್ಚಿಯಲ್ಲಿದ್ದರು. ಅವರ ಮನೆಯ ಹೋಳಿಗೆ ಇನ್ನೂ ನನ್ನ ಗಂಟಲಿನಲ್ಲಿತ್ತು. ಅವರು ಮುಂದಕ್ಕೆ ಬಾಗಿ ಕೇಳಿದರು, ತಲೆದೂಗಿದರು.

‘ಇಷ್ಟೂ ಜನದಾಗೆ ಇವನೊಬ್ನೇ ನೋಡು, ಯವಾರ ತಿಳ್ದೋನು.’

ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ನನ್ನತ್ತ ಒಮ್ಮೆ ನೋಡಿದಳು. ನಾನು ಫ್ಯಾನ್ ನೋಡಿದೆ.

ಸಿನಿಮಾ ನಡೆಯಿತು. ಅಲ್ಲ, ಕುಂಟಿತು. ಪಕಳೆ ಉದುರಿದವು, ಹಂಸಗಳು ಕೊಕ್ಕು ಕೂಡಿಸಿದವು, ಸಾಯಬೇಕಾದವರು ಒಬ್ಬೊಬ್ಬರಾಗಿ ಬಂದು ಮುಖ ತೋರಿಸಿ ಹೋದರು. ಮಕ್ಕಳು ಅಂಗಳಕ್ಕೆ ಓಡಿದರು. ಮಾವನವರು, ಖಳ ಸತ್ತಮೇಲೆ ಇನ್ನೇನಿದೆ ಎಂದು ಎದ್ದು ಹೋದರು. ಗೆಳೆಯ ಟಿವಿ ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದ. ಟೈಟಲ್‌ನಲ್ಲಿ ನನ್ನ ಹೆಸರು ನಿಜಕ್ಕೂ ದೊಡ್ಡದಾಗಿ ಬಂತು. ಆಗ ಯಾರಾದರೂ ಕರೆಂಟ್ ತೆಗೆದಿದ್ದರೆ ಕೈಮುಗಿಯುತ್ತಿದ್ದೆ.

ಅಕ್ಕ ಸಿಪ್ಪೆಯನ್ನು ಮೊರಕ್ಕೆ ಬಳಿದುಕೊಂಡು ಎದ್ದಳು. ಅಡುಗೆಮನೆಯತ್ತ ಹೊರಟಳು.

ಇವನಿಗೆ ತಡೆಯಲಿಲ್ಲ. ‘ಹೆಂಗೈತೆ ಹೇಳಕ್ಕ. ಮದ್ವೆ ಕೆಲ್ಸ ಬಿಡ್ಬೇಕು ಅಂತ್ಲೇ ಮಾಡಿದ್ದು ಕಣಕ್ಕ ಇದು.’

‘ಬಿಟ್ಟಿದ್ದೆಲ್ಲೋ? ತಾಳಿ ಒಂದು ಕಟ್ಟಿಲ್ಲ, ಮಿಕ್ಕಿದ್ದೆಲ್ಲಾ ಮದ್ವೇನೇ. ಭಾನುವಾರ ಪಂಚನಹಳ್ಳೀಲಿ ಇನ್ನೊಂದೈತೆ, ಹೋಗ್ ಬ್ಯಾಟ್ರಿ ಚಾರ್ಜಿಗ್ ಹಾಕು.’