ಚರ್ಚಿನ ಮರಕ್ಕೆ ಕಟ್ಟಿದ ಕುಡಿಕೆ

ಎತ್ತುಗಳಿಗೆ ನೀರು ಕುಡಿಸಲು ಬಂಡಿ ನಿಂತದ್ದು ಮಡಿಕೇರಿ ದಾರಿಯ ಒಂದು ಚರ್ಚಿನೆದುರು. ನಾನು ಅಪ್ಪನ ಅಸ್ಥಿಯನ್ನು ಭಾಗಮಂಡಲಕ್ಕೆ ಒಯ್ಯುತ್ತಿದ್ದೆ. ಅದನ್ನು ನೆಲಕ್ಕಿಡಬಾರದಲ್ಲ, ಬಟ್ಟೆ ಸುತ್ತಿದ ಕುಡಿಕೆಯನ್ನು ಸಮಾಧಿಗಳ ಪಕ್ಕದ ಹಲಸಿನ ಕೊಂಬೆಗೆ ಕಟ್ಟಿ ಕೈಕಾಲು ತೊಳೆಯಲು ಹೋದೆ.

ಬರುವಷ್ಟರಲ್ಲಿ ಕುಡಿಕೆ ಬಿಳಿ ಪಾದ್ರಿಯ ಕೈಯಲ್ಲಿತ್ತು. ಹೊಸ ಗೋಡೆಗೆ ಪಾಯ ತೋಡುವಾಗ ಚಪ್ಪಡಿ ಕಲ್ಲಿನಡಿ ಹಳೆಯ ಕುಡಿಕೆಗಳು ಸಿಕ್ಕಿದ್ದವಂತೆ. ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ಯಾವ ಕಾಲದವೋ ಏನೋ, ಹೊರಮೈ ತೊಳೆದ ಮೇಲೆ ಅಪ್ಪನದರಷ್ಟೇ ಕೆಂಪಗೆ ಕಾಣುತ್ತಿದ್ದವು.

"ಕದ್ದು ಮರದಲ್ಲಿ ಅಡಗಿಸಿದ್ದು ನೀನೇ ಏನು?" ಎಂದರು ಪಾದ್ರಿ.

"ಕದ್ದವನು ದಾರಿಗೆ ಕಾಣೋ ಹಾಗೆ ಕಟ್ತಾನಾ? ಅದು ನಮ್ಮಪ್ಪ" ಎಂದೆ.

ಅವರು ಬಟ್ಟೆ ಬಿಚ್ಚಿದರು. ಬೂದಿ, ಮೂಳೆ ಚೂರು. ಬೆಂಚಿನ ಕುಡಿಕೆಯೊಂದನ್ನು ನನ್ನತ್ತ ಬಾಗಿಸಿ ತೋರಿಸಿದರು. ಅದರಲ್ಲೂ ಅದೇ. ಹೋಲಿಸಿ ನೋಡಲು ನನ್ನದನ್ನೂ ಆ ಸಾಲಿನಲ್ಲೇ ಇಟ್ಟರು.

ಮಣ್ಣು ಹೊರುತ್ತಿದ್ದ ಹೆಂಗಸೊಬ್ಬಳು, "ಬಿಟ್ಟುಬಿಡಿ ದೊರೆ, ಅಸ್ಥಿ ಕುಡಿಕೆ ಮರಕ್ಕೆ ಕಟ್ಟೋದು ನಮ್ಮಲ್ಲೂ ಉಂಟು" ಎಂದಳು. ಇವರಿಬ್ಬರೂ ಒಂದೇ ಗುಂಪೋ ಏನೋ ಎಂಬಂತೆ ಪಾದ್ರಿ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕೊನೆಗೆ ಒಂದು ಕುಡಿಕೆಯನ್ನೆತ್ತಿ ಬಟ್ಟೆ ಸುತ್ತಿ ಕೊಟ್ಟರು. ಸಿಟ್ಟಿನಲ್ಲಿ ಕಸಿದುಕೊಂಡು ಬಂಡಿ ಹತ್ತಿದೆ.

ತಿರುವು ದಾಟಿದ ಮೇಲೆ ಯಾಕೋ ಬಿಚ್ಚಿ ನೋಡಿದೆ. ಬೂದಿ, ಮೂಳೆ ಚೂರು. ಅಪ್ಪನೇ ಇರಬೇಕು.

"ಏನು ಹುಡುಕ್ತಿದ್ದೀರಿ?" ಎಂದ ಬಂಡಿಯವನು.

ಏನಿಲ್ಲ ಎಂದು ಗಂಟು ಕಟ್ಟಿದೆ. ಅವನು ಮುಂದೆ ತಿರುಗಿದ ಕೂಡಲೇ ಮತ್ತೆ ಬಿಚ್ಚಿದೆ.