ಧೂಳಿನ ಡಬ್ಬಿಗೆ ಊದುಬತ್ತಿ

ನಾನು ಯಾವುದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಕಂಪ್ಲಿಯಲ್ಲಿ ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟುಬಿಡುತ್ತಿದ್ದಳು.

“ಧೂಳಿನಾಗ ಡಾಕ್ಟರ್ ಆಗಾಕತ್ಯಾನ್ರಿ.”

“ಹೌದೇನ್ರಿ? ನಮ್ಮ ಅಟ್ಟದ ಮ್ಯಾಲೂ ಭಾಳ ಐತ್ರಿ ಧೂಳು. ಒಂದಿನ ಕಳಸ್ರಿ,” ಎಂದಿದ್ದಳು ಪಕ್ಕದ ಮನೆಯ ಅತ್ತಿ. ಅವ್ವ ಕಳಿಸಿಯೂ ಇದ್ದಳು. ಪೊರಕೆ ಹಿಡಿದು ಅಟ್ಟ ಹತ್ತಿದವನು ಪಾತ್ರೆಗಳ ಸಮೇತ ಕೆಳಗಿಳಿದೆ. ಆ ಕ್ಷೇತ್ರದಲ್ಲಿ ನನ್ನ ಮೊದಲ ಪ್ರಯೋಗ ಅದೇ.

ವಿಷಯದ ನಿಜವಾದ ಹೆಸರು ಸ್ವಲ್ಪ ಉದ್ದ: ಸಮಾಜ ಮತ್ತು ಪರಿಸರದ ಒಳಿತಿಗಾಗಿ ಮಾಹಿತಿ ವ್ಯವಸ್ಥೆಗಳು. ಸರಿಯಾದ ಸುದ್ದಿ ಸರಿಯಾದ ಹೊತ್ತಿಗೆ ಸರಿಯಾದವರಿಗೆ ಮುಟ್ಟಿದರೆ ಲೋಕ ಸುಧಾರಿಸುತ್ತದೆ ಎನ್ನುವುದು ಅದರ ತಿರುಳು. ಈ ವಾಕ್ಯವನ್ನು ನಾನು ಅದೆಷ್ಟು ಅರ್ಜಿಗಳಲ್ಲಿ ಬರೆದಿದ್ದೇನೆಂದರೆ, ಕೊನೆಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಮೊದಲ ವರ್ಷ ನನ್ನನ್ನು ಹಂಪಿಗೆ ಬಿಟ್ಟಿದ್ದರು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ದಂಡೆಯವರ ಫೋನಿಗೆ ಎಚ್ಚರಿಕೆ ಕಳಿಸುವ ಕೆಲಸ. ಕಳಿಸಿದೆ. ಆದರೆ ಕಳಿಸಿದ್ದು ಬೇಸಿಗೆಯಲ್ಲಿ. ಅದೂ ‘ಇದು ಪರೀಕ್ಷೆ’ ಎಂಬ ಎರಡು ಪದ ಸೇರಿಸಲು ಮರೆತು. ಹೊಳೆಯಲ್ಲಿ ಎಮ್ಮೆ ಕೂತರೆ ಬೆನ್ನು ನೆನೆಯದಷ್ಟು ನೀರಿದ್ದಾಗ, ‘ಕೂಡಲೇ ಎತ್ತರದ ಜಾಗಕ್ಕೆ ತೆರಳಿ’ ಎಂದು ಊರಿಗೆಲ್ಲ ಮೆಸೇಜು ಹೋಯಿತು. ಒಬ್ಬ ಗೆಸ್ಟ್‌ಹೌಸ್ ಮಾಲೀಕ ತನ್ನ ಪರದೇಶದ ಅತಿಥಿಗಳನ್ನೆಲ್ಲ ನಸುಕಿನಲ್ಲೇ ಎಬ್ಬಿಸಿ ಗುಡ್ಡ ಹತ್ತಿಸಿದ. ಅವರು ಸೂರ್ಯೋದಯ ತೋರಿಸಲು ಕರೆತಂದಿದ್ದಾನೆಂದು ತಿಳಿದು ಕೈಮುಗಿದರಂತೆ. ಬಾಳೆತೋಟದ ಯಜಮಾನರು ಮಾತ್ರ ಕೈಮುಗಿಯಲಿಲ್ಲ. “ಏನಪಾ, ನಿನ್ನ ಪ್ರವಾಹ ಎಲ್ಲಿಗೆ ಬಂತು? ಇನ್ನಾ ಬಸ್‌ಸ್ಟ್ಯಾಂಡಿನಾಗ ಐತೇನು?” ಎಂದು ಮಂದಿಯ ಎದುರಿಗೇ ಕೇಳಿದರು.

ನನ್ನ ಗೈಡ್ ಸಾರ್ ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. ಗೈಡ್ ಎಂದಾಗಲೆಲ್ಲ ಅವ್ವ ಅವರನ್ನು ಹಂಪಿಯಲ್ಲಿ ಕಲ್ಲಿನ ರಥ ತೋರಿಸುವವರು ಅಂದುಕೊಳ್ಳುತ್ತಿದ್ದಳು. ಅವರು ನನ್ನನ್ನು ಕರೆದು ಹೇಳಿದರು: “ನೀರು ಬೇಡಪ್ಪ ನಿನಗೆ. ಸಂಡೂರಿಗೆ ಹೋಗು. ಧೂಳಿನ ಹತ್ತಿರ ನೀನು ಕೆಡಿಸೋಂಥದ್ದು ಏನೂ ಇರಲ್ಲ.”

ನನ್ನ ಸಾಮರ್ಥ್ಯವನ್ನು ಅವರು ಕಡಿಮೆ ಅಂದಾಜು ಮಾಡಿದ್ದರು.

ಯಶವಂತನಗರದ ಹತ್ತಿರ ಅದಿರಿನ ಲಾರಿಗಳು ಓಡಾಡುವ ರಸ್ತೆ. ಅಲ್ಲಿ ಬೇವಿನ ಎಲೆ ಕೆಂಪು, ಗೋಡೆ ಕೆಂಪು, ಕರೆಂಟಿನ ಕಂಬ ಕೆಂಪು. ಬಿಳಿ ನಾಯಿ ಇದ್ದರೂ ಮಳೆ ಬರುವ ತನಕ ಗೊತ್ತಾಗುವುದಿಲ್ಲ. ನಮ್ಮ ಯಂತ್ರ ಊಟದ ಡಬ್ಬಿಯಷ್ಟು ದೊಡ್ಡದು. ಒಳಗಿನ ಪುಟ್ಟ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ, ಯಂತ್ರ ಅದರಲ್ಲಿನ ಧೂಳನ್ನು ಅಳೆಯುತ್ತದೆ. ಮಿತಿ ಮೀರಿದರೆ ಪಟ್ಟಿಯಲ್ಲಿರುವ ಫೋನುಗಳಿಗೆಲ್ಲ ತಾನಾಗಿ ಕರೆ ಹೋಗುತ್ತದೆ. ಕರೆಯಲ್ಲಿ ಕೇಳಿಸುವುದು ನನ್ನದೇ ಧ್ವನಿ. ವಾರ್ತೆ ಓದುವವರ ಹಾಗೆ ಗಂಟಲು ದಪ್ಪ ಮಾಡಿಕೊಂಡು, “ಗಮನಿಸಿ, ನಿಮ್ಮ ಪ್ರದೇಶದ ಗಾಳಿಯ ಗುಣಮಟ್ಟ ಅತ್ಯಂತ ಕಳಪೆಯಾಗಿದೆ” ಎಂದು ರೆಕಾರ್ಡ್ ಮಾಡಿದ್ದೆ. ಒಂದೇ ವಾರದಲ್ಲಿ ಆ ಊರಲ್ಲಿ ನನಗೆ ‘ಕಳಪೆ ಸಾರ್’ ಎಂಬ ಹೆಸರು ಬಿತ್ತು. “ಬರ್ರಿ ಕಳಪೆ ಸಾರ್, ಕುಂದ್ರಿ” ಎಂದು ಅವರು ಗೌರವದಿಂದಲೇ ಕರೆಯುತ್ತಿದ್ದರು.

ಡಬ್ಬಿ ಇಡಲು ರಸ್ತೆ ಪಕ್ಕದಲ್ಲೊಂದು ಸೂರು, ಒಂದು ಪ್ಲಗ್ಗು ಬೇಕಿತ್ತು. ಎರಡೂ ಇದ್ದದ್ದು ವಗ್ಗಾಣಿ ಅಕ್ಕನ ತಗಡಿನ ಅಂಗಡಿಯಲ್ಲಿ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ ವಗ್ಗಾಣಿ, ಜೊತೆಗೆ ಮಿರ್ಚಿ, ಆಮೇಲೆ ಚಹಾ, ಇಷ್ಟೇ ಅವಳ ವ್ಯಾಪಾರ. ಗಣಿಯ ಬಸ್ಸಿನಿಂದ ಇಳಿಯುವವರೇ ಅವಳ ಗಿರಾಕಿಗಳು. ಲಾರಿ ಹೆಚ್ಚಾದಂತೆ ಅವರು ಅಂಗಡಿಯ ಮುಂದೆ ನಿಂತು ತಿನ್ನುವುದನ್ನು ಬಿಟ್ಟು, ಮನೆಯಿಂದಲೇ ಬುತ್ತಿ ತರತೊಡಗಿದ್ದರು.

“ಇದನ್ನ ಇಟ್ರ ಧೂಳು ಕಮ್ಮಿ ಆಗತೈತೇನು ತಮ್ಮಾ?” ಎಂದು ಕೇಳಿದಳು ಅಕ್ಕ.

“ಇಲ್ಲಕ್ಕ. ಎಷ್ಟೈತಿ ಅಂತ ಹೇಳತೈತಿ.”

ಅವಳು ತೊಳೆದಿಟ್ಟ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು, ಕೆಂಪಾದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು. “ಇಷ್ಟೈತಿ. ಹೇಳಿದ್ನಲ್ಲ? ನನಗ ಪ್ಲಗ್ಗೂ ಬ್ಯಾಡ.” ಆಮೇಲೆ ನಗು ನಿಲ್ಲಿಸಿ, “ರಸ್ತಾಕ್ಕ ನೀರು ಹೊಡಿಸ್ರಿ ಸಾಕು. ಇಲ್ಲಾಂದ್ರ ಈ ಅಂಗಡಿ ಮುಚ್ಚಿ ನಾನೂ ತೋರಣಗಲ್ಲಿನ ಫ್ಯಾಕ್ಟರಿ ಬಸ್ ಹತ್ತಬೇಕಾಗತೈತಿ,” ಎಂದಳು.

ನೀರು ಹೊಡೆಯುವ ಟ್ಯಾಂಕರ್ ಇರಲಿಲ್ಲವೆಂದಲ್ಲ. ಲಾರಿ ಗುತ್ತಿಗೆದಾರರ ಕಡೆಯ ಒಬ್ಬ ಸೂಪರ್‌ವೈಜರ್ ಅದನ್ನು ನೋಡಿಕೊಳ್ಳುತ್ತಿದ್ದ. ಯಾರಾದರೂ ಕೂಗಾಡಿದರೆ ಟ್ಯಾಂಕರ್ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವನ ನಂಬರನ್ನೂ ನಮ್ಮ ಪಟ್ಟಿಗೆ ಸೇರಿಸಿದ್ದೆ. ಮೊದಲ ವಾರ ಮಿತಿಯನ್ನು ಪುಸ್ತಕದಲ್ಲಿದ್ದಂತೆಯೇ ಇಟ್ಟೆ. ಆ ರಸ್ತೆಯಲ್ಲಿ ಗಾಳಿ ಆ ಮಿತಿಯ ಕೆಳಗೆ ಇಳಿಯುವ ಗಳಿಗೆಯೇ ಇರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಊರಿನ ಫೋನುಗಳೆಲ್ಲ ಬಡಿದುಕೊಂಡವು. ಮದುವೆ ಮಾತುಕತೆಯ ನಡುವೆಯೂ ‘ಅತ್ಯಂತ ಕಳಪೆಯಾಗಿದೆ’ ಎಂದು ನಾನು ಬಾಯಿ ಹಾಕಿದ್ದೆನಂತೆ. ವರನ ಕಡೆಯವರು ಎದ್ದೇ ಹೋಗಿದ್ದರೆಂದು ಹೇಳಿ ಊರವರು ನನ್ನನ್ನು ಹೆದರಿಸಿದರು. ಗಾಬರಿಯಾಗಿ ಮಿತಿಯನ್ನು ಎಷ್ಟು ಮೇಲಕ್ಕೇರಿಸಿದೆನೆಂದರೆ, ಆಮೇಲೆ ಡಬ್ಬಿ ಉಸಿರೇ ಎತ್ತಲಿಲ್ಲ. ಲಾರಿ ಪಕ್ಕದಲ್ಲೇ ಮಗುಚಿ ಬಿದ್ದಿದ್ದರೂ ಅದು ‘ಪರವಾಗಿಲ್ಲ’ ಎನ್ನುತ್ತಿತ್ತೇನೋ.

ಹೀಗೇ ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಲಾರಿಯಿಂದ ಹಿಡಿದು ಈಳಿಗೆಮಣೆಯವರೆಗೆ ಪೂಜೆ ಇಲ್ಲದ ಕಬ್ಬಿಣ ಇಲ್ಲ. ನನಗಿದ್ದ ಆಯುಧ ಅದೊಂದೇ. ಕಂಪ್ಲಿಯಿಂದ ಹೊರಡುವಾಗ ಅವ್ವ ವಿಭೂತಿ, ಚೆಂಡುಹೂವು ಕಟ್ಟಿಕೊಟ್ಟಿದ್ದಳು. ಸ್ಟೂಲು ಹತ್ತಿ ಡಬ್ಬಿಗೆ ಮೂರು ಬೆರಳಿನ ವಿಭೂತಿ ಬಳಿದೆ, ಹೂವು ಏರಿಸಿದೆ. ಊದುಬತ್ತಿ ಎಲ್ಲಿ ಸಿಕ್ಕಿಸುವುದೆಂದು ಹುಡುಕಿದರೆ ಕೆಳಗೊಂದು ಸಣ್ಣ ತೂತು ಕಾಣಿಸಿತು. ಊದುಬತ್ತಿಗೆಂದೇ ಮಾಡಿಟ್ಟ ಹಾಗಿತ್ತು, ಚುಚ್ಚಿದೆ.

ಅದು ಫ್ಯಾನು ಗಾಳಿ ಎಳೆಯುವ ತೂತು. ಆ ಡಬ್ಬಿಯ ಚಿತ್ರ ಬರೆದು, ಬಾಣದ ಗುರುತು ಹಾಕಿ, ಒಂದಿಡೀ ಸೆಮಿನಾರು ಕೊಟ್ಟವನು ನಾನೇ.

ಅಂಗಡಿಯಲ್ಲಿದ್ದವರ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ನನ್ನದೂ. ಎತ್ತಿದರೆ ನಾನೇ ನನಗೆ ಗಾಳಿ ಕಳಪೆಯಾಗಿದೆ ಎಂದು ಹೇಳುತ್ತಿದ್ದೆ. ಹಬ್ಬವಾದ್ದರಿಂದ ಆ ದಿನ ಒಂದೂ ಲಾರಿ ಓಡುತ್ತಿರಲಿಲ್ಲ. ವರ್ಷದಲ್ಲೇ ಅತ್ಯಂತ ಶುದ್ಧವಾದ ಗಾಳಿ ಅದು. ಅಷ್ಟರಲ್ಲಿ ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡು, ಮೂತಿಗೆ ಹಾರ ಹಾಕಿಕೊಂಡು, ಟ್ಯಾಂಕರ್ ಓಡಿಬಂತು. ಡ್ರೈವರ್ ಹೊಸ ಅಂಗಿಯಲ್ಲಿ ಬೈದುಕೊಳ್ಳುತ್ತಲೇ ರಸ್ತೆ ತೋಯಿಸಿದ: “ಹಬ್ಬದ ದಿನಾನೂ ಬಿಡಂಗಿಲ್ಲಲೇ ಇವ್ರು! ಹೋಳಿಗಿ ಬಿಟ್ಟು ಬಂದೀನಿ. ಮ್ಯಾಲಿನವ್ರ ಫೋನಂತ, ಭಾಳ ಗಂಭೀರ ಧ್ವನಿಯಂತ.”

ನಾನು ಕೆಮ್ಮಿ ಆ ಕಡೆ ತಿರುಗಿದೆ. ಅಕ್ಕ ಮಾತ್ರ ಡಬ್ಬಿಯನ್ನೂ ಊದುಬತ್ತಿಯನ್ನೂ ಒದ್ದೆ ರಸ್ತೆಯನ್ನೂ ಒಂದರ ಹಿಂದೆ ಒಂದು ನೋಡಿದಳು.

ಕೆಲವು ದಿನ ಬಿಟ್ಟು ಹೋದಾಗ ರಸ್ತೆ ಒದ್ದೆಯಾಗಿತ್ತು, ಅಂಗಡಿಯ ಮುಂದೆ ಜನ ನಿಂತು ತಿನ್ನುತ್ತಿದ್ದರು. “ಏನಕ್ಕ ಇದು?” ಎಂದೆ.

“ದೇವರ ದಯಾ. ಬೆಳಿಗ್ಗೆ ಒಂದು ಕಡ್ಡಿ ಹಚ್ತೀನಿ, ಪುಣ್ಯಾತ್ಮ ಬರ್ತಾನ.”

“ಅಕ್ಕಾ, ಅದು ಸುಳ್ಳು ಲೆಕ್ಕ ಆಗತೈತಿ.”

“ರಸ್ತಾ ಖರೇನ ಒದ್ದಿ ಆಗೇತಲ್ಲ? ತಿನ್ನು ಸುಮ್ನ,” ಎಂದು ಬಿಸಿ ಮಿರ್ಚಿ ಹಾಕಿದಳು.

ತಿಂದೆ. ಆ ಚಳಿಗಾಲದುದ್ದಕ್ಕೂ ತಿಂದೆ. ಬಸ್ಸಿನಿಂದ ಇಳಿದವರು ಆಕಳಿಸುತ್ತ ಬಂದು ನಿಲ್ಲುವರು. ಅಕ್ಕ ಒಬ್ಬೊಬ್ಬರ ಮುಖ ನೋಡಿಯೇ, ಇವನಿಗೆ ಖಾರ ಕಡಿಮೆ, ಇವನ ಹೆಂಡತಿ ತವರಿಗೆ ಹೋಗಿದ್ದಾಳೆ, ಇನ್ನೆರಡು ಮಿರ್ಚಿ ಇರಲಿ ಎಂದು ನಿರ್ಧರಿಸುವಳು. ಅವಳ ಬೆನ್ನ ಹಿಂದೆ ಮಂಡಕ್ಕಿ ಚೀಲದ ಬಾಯಿ ತೆರೆದೇ ಇರುತ್ತಿತ್ತು, ಮಂಡಕ್ಕಿ ಬೆಳ್ಳಗೆ ಇರುತ್ತಿತ್ತು. ನನ್ನ ಸಂಶೋಧನೆಯಿಂದ ಲೋಕಕ್ಕೆ ಒಳಿತಾದದ್ದನ್ನು ಕಣ್ಣಾರೆ ಕಂಡದ್ದು ಅಷ್ಟೇ ದಿನ. ನನ್ನ ಪ್ಯಾಂಟುಗಳೂ ಆಗಲೇ ಬಿಗಿಯಾದವು.

ಗ್ರಾಫಿನಲ್ಲಿ ಅದು ಬಚ್ಚಿಡುವಂಥದ್ದಾಗಿರಲಿಲ್ಲ. ದಿನವೂ ಬೆಳಿಗ್ಗೆ ಗೋಪುರದಂತೆ ಏರಿ, ಆಮೇಲೆ ದಬಕ್ಕನೆ ಇಳಿಯುತ್ತಿದ್ದ ಗೆರೆ ನೋಡಿ ಗೈಡ್ ಸಾರ್ ಕಾರು ಮಾಡಿಕೊಂಡು ಬಂದೇಬಿಟ್ಟರು. ಡಬ್ಬಿಯ ತೂತಿನಲ್ಲಿ ಅರ್ಧ ಉರಿದ ಕಡ್ಡಿ ಇನ್ನೂ ಇತ್ತು.

“ಇದೇನಮ್ಮ?”

“ಪೂಜಾ ಐತ್ರಿ. ನಿಮ್ಮ ಹುಡುಗಾನ ಕಲಿಸಿದ್ದು.”

ಸಾರ್ ಬೈಯಲಿಲ್ಲ. ಎರಡು ಪ್ಲೇಟು ವಗ್ಗಾಣಿ ತಿಂದು ಚೆನ್ನಾಗಿದೆಯೆಂದು ಹೊಗಳಿದರು. ಕಾರಿನಲ್ಲಿ ಕೂತ ಮೇಲೆ ಹೇಳಿದರು: “ಊದುಬತ್ತಿ ಅಳೆಯೋಕೆ ನಮಗೆ ಯಾರೂ ಫೆಲೋಶಿಪ್ ಕೊಡಲ್ಲ. ಮಿತಿ ಸರಿ ಮಾಡು. ನಿಜವಾದ ಧೂಳಿಗೆ ಕರೆ ಹೋಗಲಿ. ಆಗಲೂ ನೀರು ಬಂದರೆ ನಮ್ಮ ವ್ಯವಸ್ಥೆ ಗೆದ್ದ ಹಾಗೆ.”

ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ಮಿತಿ ಇಳಿಸಿದೆ, ತೂತಿಗೆ ಜಾಳಿಗೆಯನ್ನೂ ಹಾಕಿದೆ. ಡಬ್ಬಿ ಈಗ ಕಂಡದ್ದನ್ನು ಕಂಡಂತೆ ಹೇಳತೊಡಗಿತು. ಬೆಳಿಗ್ಗೆ ಹೇಳಿತು, ಮಧ್ಯಾಹ್ನ ಹೇಳಿತು, ಲಾರಿ ಹೋದಾಗಲೆಲ್ಲ ಹೇಳಿತು. ಸೂಪರ್‌ವೈಜರ್ ಮೊದಮೊದಲು ಟ್ಯಾಂಕರ್ ಕಳಿಸಿದ, ಆಮೇಲೆ ಕರೆ ಎತ್ತುವುದನ್ನು ಬಿಟ್ಟ, ಆಮೇಲೆ ಆ ನಂಬರನ್ನೇ ಬ್ಲಾಕ್ ಮಾಡಿದ. ಹುಡುಕಿಕೊಂಡು ಹೋದರೆ ಅವನು ಕೈಮುಗಿದು ಹೇಳಿದ: “ಸಾರ್, ಅಪರೂಪಕ್ಕ ಒಮ್ಮೆ ಬಂದ್ರ ಎದ್ದು ಓಡ್ತೀವ್ರಿ. ದಿನಪೂರ್ತಿ ಬೆಂಕಿ ಬಿತ್ತು ಅಂದ್ರ ಯಾರು ಓಡ್ತಾರ್ರೀ?”

ಅಕ್ಕ ಮತ್ತೆ ಕಡ್ಡಿ ಹಚ್ಚಿ ನೋಡಿದಳು. ಯಾರ ಫೋನೂ ಈಗ ನನ್ನ ಮಾತು ಕೇಳುತ್ತಿರಲಿಲ್ಲ. ರಸ್ತೆ ಒಣಗಿತು.

“ಸಾರ್, ಸುಳ್ಳಿಗೆ ನೀರು ಬಂತು, ನಿಜಕ್ಕೆ ಬರಲಿಲ್ಲ. ಇದನ್ನೇ ಬರೀಬಾರದಾ?” ಎಂದು ಗೈಡ್ ಸಾರನ್ನು ಕೇಳಿದೆ.

“ಬರಿ. ಆದರೆ ಮೊದಲು ಡಿಗ್ರಿ ತಗೋ,” ಎಂದರು.

ಡಿಗ್ರಿಗೆ ಒಳ್ಳೆಯ ಅಂಕಿಅಂಶ ಬೇಕಿತ್ತು. ಡಬ್ಬಿ ಇಡಲು ಸಾರ್ ಒಂದು ಕಾಲೊನಿಯ ಅತಿಥಿಗೃಹದ ತಾರಸಿ ಗೊತ್ತುಮಾಡಿದರು. ಸುತ್ತ ಕಾಂಪೌಂಡು, ಗಿಡಮರ, ಊದುಬತ್ತಿ ಹಚ್ಚುವವರು ಯಾರೂ ಇಲ್ಲ. ಡಬ್ಬಿ ಬಿಚ್ಚಲು ಹೋದ ದಿನ ಅಕ್ಕನೇ ಸ್ಟೂಲು ಹಿಡಿದುಕೊಂಡಳು. ಮಂಡಕ್ಕಿ ಚೀಲದ ಬಾಯಿಗೆ ದಾರ ಕಟ್ಟಿತ್ತು.

“ಕೆಟ್ಟುಹೋತೇನೋ ತಮ್ಮಾ?”

“ಇಲ್ಲಕ್ಕ, ಈಗ ಸರಿ ಆಗೇತಿ.”

ನಾನು ಆಡಿದ ಮಾತುಗಳಲ್ಲಿ ಇದರಷ್ಟು ಕೆಟ್ಟ ಮಾತು ಇನ್ನೊಂದಿಲ್ಲ. ಆದರೆ ಅದು ಅಕ್ಷರಶಃ ನಿಜವಾಗಿತ್ತು. ಅವಳು ಸ್ಟೂಲು ಬಿಡಲಿಲ್ಲ. ನಾನು ಇಳಿದ ಮೇಲೂ ಹಿಡಿದುಕೊಂಡೇ ನಿಂತಿದ್ದಳು.

ಪ್ರಬಂಧ ಪಾಸಾಯಿತು. ಅದರಲ್ಲಿ ಆ ಚಳಿಗಾಲ ಒಂದು ಸಾಲಿನಲ್ಲಿದೆ: ‘ಈ ಅವಧಿಯ ದತ್ತಾಂಶವನ್ನು ದೋಷದ ಕಾರಣ ಕೈಬಿಡಲಾಗಿದೆ.’ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಮೇಲೆ ಬರೆಯುತ್ತೇನೆಂದುಕೊಂಡ ಲೇಖನಕ್ಕೆ ಎಷ್ಟೋ ಸಲ ಕೂತಿದ್ದೇನೆ. ಕೋಷ್ಟಕ ಹಾಕುತ್ತೇನೆ, ಗೆರೆ ಎಳೆಯುತ್ತೇನೆ. ಒದ್ದೆ ರಸ್ತೆಯಲ್ಲಿ ನಿಂತು ತಿನ್ನುವವರನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ತಿಳಿಯದೆ ಎದ್ದುಬಿಡುತ್ತೇನೆ.

ಹೋದ ತಿಂಗಳು ಸಂಜೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ತೋರಣಗಲ್ಲಿನ ಬಸ್ಸಿನಿಂದ ಅಕ್ಕ ಇಳಿದಳು. ಕೊರಳಲ್ಲಿ ಗುರುತಿನ ಚೀಟಿ ಇತ್ತು. ಯಾವುದೋ ಗುತ್ತಿಗೆ ಕ್ಯಾಂಟೀನಿನಲ್ಲಿ ಅಡುಗೆ ಕೆಲಸವಂತೆ. ಹೊಸಪೇಟೆಯಲ್ಲಿ ತಂಗಿಯ ಮನೆಯಲ್ಲಿ ಇರುತ್ತಾಳಂತೆ. ಅಂದು ವಾರದ ರಜೆ ಹಿಡಿದು ಊರಿಗೆ ಹೊರಟಿದ್ದಳು.

“ಹೆಂಗೈತಕ್ಕ ಕೆಲಸ?”

“ಚಲೋ ಐತಿ. ಧೂಳಿಲ್ಲ, ಹೊಗಿಯಿಲ್ಲ. ಎಲ್ಲಾ ಸ್ಟೀಲ್‌ದು. ಗ್ವಾಡಿಯಾಗ ಒಂದು ಕಿಟಕಿ ಐತಿ, ಊಟದ ತಟ್ಟಿ ಆಕಡಿ ತಳ್ತೀವಿ.” ಕೊರಳಿನ ಚೀಟಿಯನ್ನು ಸರಿಮಾಡಿಕೊಂಡು ಹೇಳಿದಳು, “ಯಾರ ತಿಂತಾರ ಅನ್ನೋದ ಕಾಣಂಗಿಲ್ಲ ನೋಡು.”

ಏನಾದರೂ ನಗೆಮಾತು ಆಡಬೇಕೆನಿಸಿತು. ಅದೊಂದೇ ನನಗೆ ಬರುವ ವಿದ್ಯೆ. ಅಷ್ಟರಲ್ಲಿ ಸಂಡೂರಿನ ಬಸ್ಸು ಬಂತು. ಅವಳು ನುಗ್ಗಿ ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು, ತಲೆ ಹೊರಹಾಕಿದಳು.

“ಭಾಳ ಸೊರಗೀಯಲ್ಲೋ. ಬೆಳಿಗ್ಗೆ ಏನು ತಿಂತೀ?”

“ಬ್ರೆಡ್, ಅಕ್ಕ.”

ಅವಳು ಏನೋ ಅಂದಳು. ಬಸ್ಸು ಹಿಂದಕ್ಕೆ ಸರಿಯುವ ಗದ್ದಲದಲ್ಲಿ ಕೇಳಿಸಲಿಲ್ಲ. ನಾನು ಕೇಳಿಸಿದವನಂತೆ ತಲೆಯಾಡಿಸಿದೆ.