ತಾಟಿನ ಲೆಕ್ಕದ ಷೇರು

ಮೊನ್ನೆ ಅಕಾಲದ ಮಳೆ ಬಂತು. ಕೊರಿಯರಿನವನು ವರಾಂಡದಲ್ಲಿ ಇಟ್ಟುಹೋಗಿದ್ದ ರಟ್ಟಿನ ಪೆಟ್ಟಿಗೆ ನೆನೆದು ಮುದ್ದೆಯಾಗಿತ್ತು. ಒಳಗಿದ್ದದ್ದು ಹೆಂಡತಿ ತರಿಸಿದ ಮಿಕ್ಸರ್ ಜಾರು, ಅದಕ್ಕೇನೂ ಆಗಿರಲಿಲ್ಲ. ಆದರೆ ಪೆಟ್ಟಿಗೆ ಎತ್ತಿದಾಗ ಒಂದು ವಾಸನೆ ಬಂತು ನೋಡಿ, ಹಸಿ ರಟ್ಟು, ಅಂಟು, ಹಳೇ ರದ್ದಿ ಎಲ್ಲ ಕೂಡಿದ ಮುಗ್ಗಲು ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಪೆಟ್ಟಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಯಾಕ್ರೀ, ಜಾರ ಒಡದೈತೇನು?" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಇಲ್ಲ ಎಂದೆ. ನಾನು ಹಾಗೆ ನಿಂತದ್ದು ಜಾರಿನಿಂದಲ್ಲ, ಮಾವಶಿಯಿಂದ ಎಂದು ವಿವರಿಸಲು ಹೋದರೆ ಒಲೆಯ ಮೇಲಿನ ಸಾರು ಉಕ್ಕುತ್ತದೆ. ನಿಮಗೆ ಪುರಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾನು ಹಳಿಯಾಳದಲ್ಲಿ ಕಾಲೇಜು ಮಕ್ಕಳಿಗೆ ವಾಣಿಜ್ಯ ಕಲಿಸುವ ಮಾಸ್ತರ. ಷೇರು ಎಂದರೇನು, ಸಾಲಪತ್ರ ಎಂದರೇನು, ಕಂಪನಿಯ ಲಾಭ ಬೇರೆ ಕಂಪನಿಯ ಕೈಯಲ್ಲಿರುವ ನಗದು ಬೇರೆ, ಇವನ್ನೆಲ್ಲ ಸೀಮೆಸುಣ್ಣದ ಪುಡಿ ನುಂಗುತ್ತ ಪ್ರತಿ ವರ್ಷ ಹೇಳುತ್ತೇನೆ. ಹೇಳಿ ಮುಗಿಸಿ, ನೆಟ್ಟಗೆ ಬ್ಯಾಂಕಿಗೆ ಹೋಗಿ ನನ್ನ ರೊಕ್ಕವನ್ನು ಮುದ್ದತ್ತಿನ ಠೇವಣಿಯಲ್ಲಿ ಮಲಗಿಸಿ ಬರುತ್ತೇನೆ. ಜನ್ಮದಲ್ಲಿ ಒಂದು ಷೇರು ಕೊಂಡವನಲ್ಲ. ಈಜು ಹೇಗೆ ಹೊಡೆಯಬೇಕೆಂದು ಊರಿಗೆಲ್ಲ ಹೇಳಿ ತಾನು ದಂಡೆಯ ಮೇಲೆ ಚಪ್ಪಲಿ ಕಾಯುವವರಿರುತ್ತಾರಲ್ಲ, ಆ ಪೈಕಿ.

ಅನಸೂಯಾ ಮಾವಶಿ, ಅಂದರೆ ನನ್ನ ತಾಯಿಯ ತಂಗಿ, ನನಗೆ ಪೂರ್ತಿ ಉಲ್ಟಾ. ಗಂಡ ತೀರಿಕೊಂಡ ಮೇಲೆ ದಾಂಡೇಲಿ ರಸ್ತೆಯಲ್ಲಿ ಒಂದು ರಟ್ಟಿನ ಫ್ಯಾಕ್ಟರಿಯ ಗೇಟಿನ ಎದುರಿಗೇ ಎರಡು ಖೋಲಿ ಬಾಡಿಗೆ ಹಿಡಿದು ಖಾನಾವಳಿ ತೆಗೆದವಳು. ರದ್ದಿ ಹೊತ್ತು ತರುವ, ರಟ್ಟು ಹೊತ್ತು ಗೋವೆಗೆ ಹುಬ್ಬಳ್ಳಿಗೆ ಹೋಗುವ ಲಾರಿಯವರೆಲ್ಲ ಅವಳ ಗಿರಾಕಿಗಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಬಡಿಯಲು ಹತ್ತಿರದ ಊರಿನ ಸಿದ್ದಿ ಹೆಂಗಸು ಮರಿಯಾ ಬರುತ್ತಿದ್ದಳು. ಇಬ್ಬರೂ ಸೇರಿ ಡ್ರೈವರುಗಳನ್ನು ಬೈದು ಬೈದು ಉಣ್ಣಿಸುತ್ತಿದ್ದರು. ಉದ್ರಿ ಮಾತ್ರ ಇಲ್ಲ. ಸ್ವಂತ ಅಕ್ಕನ ಮಗನಾದ ನನಗೂ ಇಲ್ಲ. "ಮಾಸ್ತರ, ಉಂಡೀ? ರೊಕ್ಕಾ ಇಡು, ಆಮ್ಯಾಲ ಕೈ ತೊಳಿ" ಎನ್ನುವ ಹೆಂಗಸು.

ಹೀಗಿರುವಾಗ ಖೋಲಿಗಳ ಮಾಲೀಕ ಪಾಟೀಲರು ಬೆಳಗಾವಿಯಿಂದ ಬಂದು ಜಾಗ ಮಾರುತ್ತೇನೆಂದರು. ಮೊದಲ ಹಕ್ಕು ನಿನ್ನದು ತಂಗೀ, ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಯಾರು ಕೊಟ್ಟರೆ ಅವರಿಗೆ ಎಂದರು. ಮಾವಶಿ ವರ್ಷಗಟ್ಟಲೆ ಕೂಡಿಸಿಟ್ಟದ್ದು ಸಾಕಷ್ಟಿತ್ತು, ಆದರೂ ಪೂರ್ತಿ ಸಾಲುತ್ತಿರಲಿಲ್ಲ. ಬ್ಯಾಂಕಿನ ಬಡ್ಡಿಗೆ ಕಾದರೆ ಯುಗಾದಿ ಏನು, ಮುಂದಿನ ಜನ್ಮ ಬರುತ್ತದೆ. ಅದೇ ಹೊತ್ತಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಷೇರು ಏಜೆಂಟ, ಎದುರಿನ ಫ್ಯಾಕ್ಟರಿಯ ಷೇರು ಮುಂಬಯಿ ಪೇಟೆಯಲ್ಲಿ ಮಾರಾಟವಾಗುತ್ತದೆ ಎಂದು ಹೇಳಿದ. ಫೋನಿನಲ್ಲೇ ಖಾತೆ ತೆರೆದುಕೊಟ್ಟ. ಮಾವಶಿ ಸ್ವಲ್ಪ ಕೊಂಡಳು, ಏರಿತು. ಇನ್ನಷ್ಟು ಕೊಂಡಳು, ಮತ್ತೆ ಏರಿತು.

"ನೀ ಷೇರಿನ ಪಾಠಾ ಹೇಳತೀ, ನಾ ಷೇರ ತಗೊಂಡೇನಿ. ಈಗ ಹೇಳು, ಯಾರು ಶಾಣ್ಯಾರು?" ಎಂದು ನನ್ನನ್ನು ಕಾಡಿಸಿದಳು.

"ಯಾವ ಭರವಸಾದ ಮ್ಯಾಲ ತಗೊಂಡಿ, ಮಾವಶಿ?"

"ತಾಟಿನ ಭರವಸಾದ ಮ್ಯಾಲ! ಫ್ಯಾಕ್ಟರಿ ಹೆಂಗ ನಡದೈತಿ ಅಂತ ಮುಂಬಯಿಯಾಗ ಕುಂತಾಂವಗ ಏನ್ ಗೊತ್ತು? ಫ್ಯಾಕ್ಟರಿ ಸುಸ್ತಾದ್ರ ಲಾರಿ ಬರಂಗಿಲ್ಲ. ಲಾರಿ ಬರದಿದ್ರ ನನ್ನ ರೊಟ್ಟಿ ಉಳೀತಾವ. ಈಗ ನೋಡು, ಎರಡನೇ ಪಂಕ್ತಿ ಆಗಿ ಮೂರನೇದ್ದು ಕುಂದರಸಾಕತ್ತೇನಿ. ಮರಿಯಾನ ರಟ್ಟಿ ಸೋತು ಹೋಗ್ಯಾವ ಪಾಪ."

ಸುಳ್ಳಲ್ಲ. ಹಿಂದಿನ ವರ್ಷಗಳಲ್ಲಿ ಅವಳ ಲೆಕ್ಕ ಸರಿಯಾಗಿಯೇ ಬಂದಿತ್ತು. ಫ್ಯಾಕ್ಟರಿ ಒಂದೇ ಪಾಳಿಗೆ ಇಳಿದಾಗಲೆಲ್ಲ ಅವಳ ಬುಟ್ಟಿಯಲ್ಲಿ ರೊಟ್ಟಿ ಒಣಗುತ್ತಿದ್ದವು, ನನ್ನ ಮನೆಗೆ ಕಟಕ ರೊಟ್ಟಿಯ ಗಂಟು ಬರುತ್ತಿತ್ತು. ಆ ವರ್ಷ ನಮಗೆ ಒಂದೂ ಗಂಟು ಬರಲಿಲ್ಲ.

ಯುಗಾದಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಒಂದು ಶುಕ್ರವಾರ ಮಾವಶಿಯ ಫೋನು. ದನಿಯಲ್ಲಿ ಮದುವೆ ಮನೆಯ ಗಡಿಬಿಡಿ. "ತಮ್ಮಾ, ಕಂಪನಿಯವರು ಹೊಸಾ ಷೇರ ಕೊಡಾಕತ್ಯಾರೋ! ಮೊದಲ ಇದ್ದವರಿಗೆ ಮಾತ್ರ. ಅರ್ಧಾ ರೇಟಿಗೆ! ಸೋಮವಾರ ಕಡೀ ದಿವಸಂತ. ಉಳದದ್ದೆಲ್ಲಾ ಹಾಕಿಬಿಡತೇನಿ, ಜಾಗಾ ನಂದ ಆತು ತಿಳಿ."

ಇದಕ್ಕೆ ರೈಟ್ಸ್ ಇಶ್ಯೂ ಎನ್ನುತ್ತಾರೆ. ಕಂಪನಿಗೆ ದುಡ್ಡು ಬೇಕಾದಾಗ ಹೊರಗಿನವರನ್ನು ಕೇಳುವ ಬದಲು ಇರುವ ಪಾಲುದಾರರನ್ನೇ ಕೇಳುವುದು. ಬೆಲೆ ಕಡಿಮೆ ಇಟ್ಟದ್ದು ಉಡುಗೊರೆಯಲ್ಲ, ಪಾಲು ಹೆಚ್ಚಾದಷ್ಟೂ ಒಂದೊಂದು ಪಾಲಿನ ಬೆಲೆ ಇಳಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೇಳಬೇಕಾದ್ದು ಒಂದೇ ಮಾತು: ಇವರಿಗೆ ದುಡ್ಡು ಯಾಕೆ ಬೇಕು? ಹೊಸ ಯಂತ್ರಕ್ಕೋ, ಹಳೆಯ ಸಾಲಕ್ಕೋ? ಅಂದು ಸಂಜೆ ಕಂಪನಿಯ ಪ್ರಕಟಣೆಯನ್ನು ಫೋನಿನಲ್ಲಿ ಇಳಿಸಿಕೊಂಡು ಓದಿದೆ. ಮಾರಾಟ ಏರಿತ್ತು, ಲಾಭವೂ ಏರಿತ್ತು. ಆದರೆ ಆ ಲಾಭ ನಗದಾಗಿ ಎಲ್ಲೂ ಕಾಣುತ್ತಿರಲಿಲ್ಲ. ಗೋದಾಮಿನಲ್ಲಿ ಮಾಲು ಬೆಳೆದಿತ್ತು, ಗಿರಾಕಿಗಳಿಂದ ಬರಬೇಕಾದ್ದು ಬೆಳೆದಿತ್ತು, ರದ್ದಿ ಪೂರೈಸುವವರಿಗೆ ಕೊಡಬೇಕಾದ ಬಾಕಿ ಎಲ್ಲಕ್ಕಿಂತ ಹೆಚ್ಚು ಬೆಳೆದಿತ್ತು. ಸೀಮೆಸುಣ್ಣ ಹಿಡಿದು ಸಾವಿರ ಸಲ ಬರೆದ ಸಾಲುಗಳು ಅವು. ಅವುಗಳ ಆ ತುದಿಯಲ್ಲಿ ನಮ್ಮ ಮಾವಶಿ ಕೂತಿದ್ದಾಳೆ ಎಂದು ಅವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ.

ಶನಿವಾರ ಕಾಲೇಜು ಅರ್ಧ ದಿನ. ಬೈಕು ಹತ್ತಿ ಹೋದೆ. ಫ್ಯಾಕ್ಟರಿಯ ಗೇಟಿನಿಂದ ತಿರುವಿನವರೆಗೆ ರಸ್ತೆಯ ಎರಡೂ ಮಗ್ಗುಲಿಗೆ ಲಾರಿಗಳು. ಖಾನಾವಳಿಯಲ್ಲಿ ಕಾಲಿಡಲು ಜಾಗವಿಲ್ಲ, ಹೊರಗೆ ಕಲ್ಲಿನ ಮೇಲೂ ತಾಟು ಹಿಡಿದು ಕೂತವರು. ಮಾವಶಿ ಬೆವರು ಒರೆಸಿಕೊಳ್ಳುತ್ತ, "ನೋಡಿದ್ಯಾ?" ಎಂದು ಹುಬ್ಬು ಹಾರಿಸಿದಳು. ಆ ಮುಖ ನೋಡಿ ನನಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಆದರೂ ಹೇಳಿದೆ.

"ಮಾವಶಿ, ನೀ ಎಲ್ಲಾರಿಗೂ ಉದ್ರಿ ಊಟಾ ಹಾಕಿದಿ ಅಂತ ತಿಳಿ. ಊಟಾ ಹೋದಂಗ ಆತು, ಲಾಭ ಆದಂಗೂ ಆತು. ಆದ್ರ ನಾಳಿ ಜ್ವಾಳ ತರಾಕ ಕೈಯಾಗ ರೊಕ್ಕ ಇಲ್ಲ. ಈ ಕಂಪನಿದು ಹಂಗ ಆಗೈತಿ."

"ನಾ ಉದ್ರಿ ಕೊಡಂಗಿಲ್ಲಪಾ."

"ನಿಂದಲ್ಲ, ಕಂಪನೀದು ಹೇಳಾಕತ್ತೇನಿ!"

"ಕೂಗಬ್ಯಾಡ. ಗಿರಾಕಿ ಅದಾರ." ಅವಳು ಸೌಟನ್ನು ಪಾತೇಲಿಗೆ ಬಡಿದಳು. "ನೀ ಹುಟ್ಟಾ ಅಂಜುಬುರುಕ. ಆ ಕಾಗದದಾಗ ಏನ್ ಬರದಾರೋ ಶಿವನೇ ಬಲ್ಲ. ನನ್ನ ಕಣ್ಣ ಮುಂದ ಇಷ್ಟು ಮಂದಿ ಉಣ್ಣಾಕತ್ಯಾರ, ಇದು ಸುಳ್ಳೇನು? ಈ ಜಾಗಾ ಹ್ವಾದ್ರ ನಾ ಎಲ್ಲಿ ಒಲಿ ಹೂಡ್ಲಿ? ನಿನ್ನ ಠೇವಣಿ ಮ್ಯಾಲ ಹೂಡ್ಲೇನು?"

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೊರಗೆ ಬಂದೆ. ಬೈಕಿಗೆ ಕೀಲಿ ಹಾಕುವಾಗ ಎದುರಿನ ಲಾರಿ ಕಣ್ಣಿಗೆ ಬಿತ್ತು. ಅದರ ಹಗ್ಗದ ಮೇಲೆ ಅಂಗಿ, ಲುಂಗಿ, ಬನಿಯನ್ನು ಒಣಹಾಕಿದ್ದರು. ಪಕ್ಕದ ಲಾರಿಯ ಮೇಲೂ ಅದೇ. ಹೊರೆ ಹಾಗೇ ಇತ್ತು, ತಾಡಪತ್ರಿ ಬಿಚ್ಚಿರಲಿಲ್ಲ. ಕಲ್ಲಿನ ಮೇಲೆ ಉಣ್ಣುತ್ತಿದ್ದ ಹುಬ್ಬಳ್ಳಿ ಕಡೆಯ ಡ್ರೈವರನೊಬ್ಬನನ್ನು ಸುಮ್ಮನೆ ಕೇಳಿದೆ: "ಯಾವಾಗ ಬಂದೀರಿ?"

"ಮಂಗಳವಾರ ಬಂದೇನ್ರೀ ಸರ."

"ಇನ್ನೂ ಇಳಿಸಿಲ್ಲ?"

"ಹೆಂಗ ಇಳಸೂದ್ರೀ? ಹಿಂದಿನ ಬಾಕಿ ಬರೂತನಾ ಒಂದು ರದ್ದಿ ಹಾಳಿ ಇಳಸಬ್ಯಾಡ ಅಂದಾನ ನಮ್ಮ ಸೇಠ. ಎಲ್ಲಾರದೂ ಅದ ಕತಿ. ಕಂಪನಿಯವರು ಇವತ್ತ ನಾಳೆ ಅಂತಾರ, ನಾವು ಇಲ್ಲೆ ಉಂಡು ಮಕ್ಕೊಳ್ಳೂದು. ಮಾವಶಿ ಊಟಾ ಚಲೋ ಐತಿ, ಅಷ್ಟ ನಮ್ಮ ಪುಣ್ಯಾ."

ನನ್ನ ಹಿಂದೆ ಮಾವಶಿ ನಿಂತಿದ್ದಳು. ನಾನು ಸಿಟ್ಟಿನಲ್ಲಿ ಎದ್ದು ಬಂದೆನೆಂದು ಮಜ್ಜಿಗೆಯ ತಂಬಿಗೆ ಹಿಡಿದು ಸಮಾಧಾನ ಮಾಡಲು ಬಂದವಳು, ಎಲ್ಲ ಕೇಳಿಸಿಕೊಂಡಿದ್ದಳು. ಲಾರಿಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆ ಫ್ಯಾಕ್ಟರಿ ಮುಳುಗುತ್ತ ಹೋದಷ್ಟೂ ಇವಳ ಪಂಕ್ತಿ ತುಂಬುತ್ತ ಹೋಗಿತ್ತು. ಬಂದ ಹೆಚ್ಚಿನ ರೊಕ್ಕವನ್ನೆಲ್ಲ ಇವಳು ಅದೇ ಫ್ಯಾಕ್ಟರಿಗೆ ಸುರಿಯುತ್ತಿದ್ದಳು. ನನಗೆ ಅಳು ಬಂದಂತಾಯಿತು, ನಿಜ ಹೇಳುತ್ತೇನೆ.

"ಇವತ್ತ ಮಾರಾಕ ಬರತೈತೇನೋ?" ಎಂದಳು ಕೊನೆಗೆ.

"ಇವತ್ತ ಪ್ಯಾಟಿ ಬಂದ್, ಮಾವಶಿ. ಸೋಮವಾರ."

ಭಾನುವಾರವೇ ಸುದ್ದಿ ಹಬ್ಬಿತು. ಕಂಪನಿ ಬ್ಯಾಂಕಿನ ಕಂತು ತಪ್ಪಿಸಿದೆ ಎಂದು. ಸೋಮವಾರ ಪೇಟೆ ತೆರೆಯುತ್ತಲೇ ಷೇರು ಬಿತ್ತು, ಬಿದ್ದು ಅಲ್ಲೇ ನಿಂತಿತು. ಒಂದು ದಿನಕ್ಕೆ ಇಷ್ಟೇ ಇಳಿಯಬೇಕು ಎಂದು ಪೇಟೆ ಒಂದು ಗೆರೆ ಎಳೆದಿರುತ್ತದೆ. ಆ ಗೆರೆ ಮುಟ್ಟಿದ ಮೇಲೆ ಮಾರುವವರ ಸಾಲು ಮೈಲುಗಟ್ಟಲೆ, ಕೊಳ್ಳುವವನು ಒಬ್ಬನೂ ಇಲ್ಲ. ನಿಮ್ಮ ಹೆಸರಿನಲ್ಲಿ ಷೇರು ಇರುತ್ತದೆ, ಬೆಲೆಯೂ ಕಾಣುತ್ತಿರುತ್ತದೆ, ಆ ಬೆಲೆಗೆ ಕೈಚಾಚಿದರೆ ಗಾಳಿ. ಹೊಸ ಷೇರಿಗೆ ಮಾವಶಿ ದುಡ್ಡು ಹಾಕಲಿಲ್ಲ, ಅಷ್ಟು ಉಳಿಯಿತು. ಹಳೆಯದು ಸಿಕ್ಕಿಬಿದ್ದಿತು.

ಆಮೇಲೆ ದಿನವೂ ಒಂದೇ ಕತೆ. ಬೆಳಿಗ್ಗೆ ಪೇಟೆ ತೆರೆಯುವ ಹೊತ್ತಿಗೆ ಮಾವಶಿ ಮಾರಲು ಹಾಕುವಳು, ನಾನು ಸ್ಟಾಫ್ ರೂಮಿನಲ್ಲಿ ಫೋನು ನೋಡುತ್ತ ಕೂರುವೆ. ಹುಡುಗರು ಗಂಟೆ ಹೊಡೆಯಿತು ಸರ ಎಂದರೆ ಬೈದು ಕಳಿಸುವೆ. ಮಧ್ಯಾಹ್ನ ಅವಳ ಫೋನು.

"ಇವತ್ತ?"

"ಇಲ್ಲ, ಮಾವಶಿ."

"ಹೂಂ. ನಾಳೆ ನೋಡೂಣು." ಅಷ್ಟೇ ಮಾತು. ಮರುದಿನ ಮತ್ತೆ ಅದೇ. ಷೇರು ದಿನಕ್ಕೊಂದು ಮೆಟ್ಟಿಲು ಇಳಿಯುತ್ತಿತ್ತು, ಯುಗಾದಿ ದಿನಕ್ಕೊಂದು ಮೆಟ್ಟಿಲು ಹತ್ತಿರವಾಗುತ್ತಿತ್ತು. ಒಂದು ದಿನ ಮಾತ್ರ ಅವಳು ಬೇರೆ ಮಾತಾಡಿದಳು. "ಪಾಟೀಲರ ಹತ್ರ ಜಾಗಾ ಕೇಳಿದ ಟಾಯರ ಅಂಗಡಿಯಾಂವ ಟೇಪ್ ಹಿಡದು ಖೋಲಿ ಅಳದು ಹ್ವಾದ. ಒಲಿ ಎಲ್ಲಿತನಾ ಐತಿ ಅಂತ ಕೇಳಿದ. ಒಲಿ ತಗಸಬೇಕಲ್ಲ, ಅದಕ್ಕ." ದನಿ ನಡುಗಲಿಲ್ಲ. ನಡುಗಿದ್ದರೆ ನನಗೆ ಹಗುರಾಗುತ್ತಿತ್ತು.

ಹಬ್ಬಕ್ಕೆ ಎರಡು ದಿನ ಇದ್ದಾಗ ಏನಾಯಿತೋ, ಪೇಟೆಯಲ್ಲಿ ಯಾರೋ ಈ ಕಂಪನಿಯನ್ನು ದೊಡ್ಡವರು ಕೊಳ್ಳುತ್ತಾರೆಂದು ಗಾಳಿಸುದ್ದಿ ಎಬ್ಬಿಸಿದರು. ಆ ದಿನ ನಾನು ರಜೆ ಹಾಕಿ ಖಾನಾವಳಿಯಲ್ಲೇ ಕೂತಿದ್ದೆ. ಫೋನು ಗುಂಯ್ ಎಂದಿತು. ಮಾವಶಿಯ ಷೇರೆಲ್ಲ ಮಾರಿಹೋಗಿತ್ತು, ಹಾಕಿದ್ದರಲ್ಲಿ ಅರ್ಧವೂ ಬಂದಿರಲಿಲ್ಲ. ಆದರೂ ನಾನು ಹುಚ್ಚನ ಹಾಗೆ ಎದ್ದು, "ಹೋತು ಮಾವಶಿ, ಹೋತು! ಬಿಡುಗಡಿ ಆತು!" ಎಂದು ಕೂಗಿದೆ.

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದಳು. "ಯಾರು ತಗೊಂಡ್ರು?"

"ಯಾರೋ. ಅದೆಲ್ಲಾ ಗೊತ್ತಾಗಂಗಿಲ್ಲ. ಮಾರಾಂವಗೂ ಕೊಳ್ಳಾಂವಗೂ ಮಷಿನ್ ಜೋಡಿ ಹಚ್ಚತೈತಿ."

"ಮಷಿನ್ ತಗೊಳ್ಳಂಗಿಲ್ಲಲ್ಲೋ. ಯಾರೋ ತಗೊಂಡಾರ." ಫೋನಿನತ್ತ ಬಗ್ಗಿ ನೋಡಿದಳು. "ಅಗ್ಗ ಸಿಕ್ತು ಅಂತ ತಗೊಂಡಿರಬೇಕು ಪಾಪ. ಅವರಿಗೂ ಒಂದು ಒಲಿ ಇರಬೇಕಲ್ಲಾ, ತಮ್ಮಾ?"

ಮಾರುವವನೊಬ್ಬ ಇದ್ದರೆ ಕೊಳ್ಳುವವನೊಬ್ಬ ಇರಲೇಬೇಕು ಎಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ವಾಕ್ಯ ಬರೆದು ಇವತ್ತಿನವರೆಗೆ ನನಗೆ ಊಟ ಬಿಟ್ಟುಹೋದದ್ದಿಲ್ಲ. ಅವಳು ಅಂದು ಉಣ್ಣಲಿಲ್ಲ.

ಜಾಗ ಟೈರಿನವನಿಗೆ ಹೋಯಿತು. ಉಳಿದದ್ದರಲ್ಲಿ ಮಾವಶಿ ರಸ್ತೆಯ ಆಚೆ ಮಗ್ಗುಲಿಗೆ, ಮರಿಯಾಳ ಕಡೆಯವರ ತುಂಡು ಹೊಲದ ಅಂಚಿನಲ್ಲಿ, ತಗಡಿನ ಶೆಡ್ ಹಾಕಿಕೊಂಡಳು. ಫ್ಯಾಕ್ಟರಿ ಮುಚ್ಚಿತು, ಬಹಳ ದಿನ ಹಾಗೇ ಇತ್ತು. ಈಗ ಬೇರೆಯವರು ಕೊಂಡು ಬೇರೆ ಹೆಸರಿನಲ್ಲಿ ನಡೆಸುತ್ತಿದ್ದಾರೆ.

ಇದೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ನಿನ್ನೆ ಹೋಗಿದ್ದೆ. ಶೆಡ್ ತುಂಬಿತ್ತು, ಹೊರಗೆ ಮತ್ತೆ ಲಾರಿಗಳು ಸಾಲು ಹಿಡಿದಿದ್ದವು. ನನಗೆ ಆ ಶನಿವಾರದ ಸಾಲೇ ನೆನಪಾಯಿತು. ಮಾವಶಿಗೂ ಹಾಗೇ ಆಗಿರಬೇಕು. ಹಿಟ್ಟು ನಾದುವುದು ಬಿಟ್ಟು ಬಾಗಿಲಿಗೆ ಬಂದಿದ್ದಳು. ಈಗ ಅವಳಿಗೆ ಪಂಕ್ತಿ ತುಂಬಿದರೆ ಖುಷಿಯಾಗುವುದಿಲ್ಲ, ಹೆದರಿಕೆಯಾಗುತ್ತದೆ ಎಂದು ಮರಿಯಾ ಹೇಳಿದಳು. ಹೊಸದಾಗಿ ಬಂದು ಇಳಿದ ಡ್ರೈವರನೊಬ್ಬನನ್ನು ಮಾವಶಿ ಬಾಗಿಲಲ್ಲೇ ತಡೆದಳು.

"ಯಾಕ ನಿಂತೀರಪಾ ಎಲ್ಲಾರೂ? ಇಳಸಾಕ ಬಿಡವಲ್ರೇನು? ರೊಕ್ಕಾ ಕೊಡವಲ್ರೇನು? ಖರೇ ಹೇಳು."

ಅವನು ಕಕ್ಕಾಬಿಕ್ಕಿಯಾಗಿ ಅವಳನ್ನೇ ನೋಡಿದ. "ಇಳಿಸಿ ಬಂದೇನ್ರೀ ಮಾವಶಿ. ಹಸಿವಿ ಆಗೇತಿ, ಅದಕ್ಕ ನಿಂತೇನಿ."

ಮಾವಶಿ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು. ಕಣ್ಣು ತುಂಬಿ ಬಂದಿತ್ತು. "ಹಸಿವೀ?" ಎಂದಳು, ಆ ಮಾತನ್ನು ಮೊದಲ ಸಲ ಕೇಳಿದವಳ ಹಾಗೆ. "ಮತ್ತ ಹೊರಗ್ಯಾಕ ನಿಂತೀ? ಒಳಗ ಬಾ."